ಸಾಕಿದ ಜೀವಕ್ಕೆ ಕಡೆಯವರೆಗೂ ದಾಸೋಹ

ಅನ್ನದ ಕಾಳು ಸಿಕ್ಕರೆ ಕಾಗೆಯು ತನ್ನವರನ್ನೆಲ್ಲ ಕೂಗಿ ಸೇರಿಸುತ್ತದೆ. ಕೋಳಿಯ ನಡತೆಯೂ ಹಾಗೆಯೇ. ಈ ಗುಣವಿಲ್ಲದ ಭಕ್ತನು ಆ ಹಕ್ಕಿಗಳಿಗಿಂತ ಕೀಳೆಂದು 12ನೆಯ ಶತಮಾನದಲ್ಲಿ ಬಸವಣ್ಣನವರು ವಚನವೊಂದರಲ್ಲಿ ಎಚ್ಚರಿಸಿದರು. ಪಕ್ಷಿಗಳನ್ನೇ ಗುರುವಿನ ಸ್ಥಾನದಲ್ಲಿರಿಸಿದ ದೃಷ್ಟಿಯಿದು.

ಬಾಲ್ಯದಲ್ಲಿ ಹಟ್ಟಿಯ ಕರು, ಯೌವನದಲ್ಲಿ ಅಂಗಳದ ನಾಯಿ, ಮುಪ್ಪಿನಲ್ಲಿ ಮಡಿಲ ಬೆಕ್ಕು: ಮನುಷ್ಯನ ಬಾಳಿನುದ್ದಕ್ಕೂ ಮೂಕಜೀವಿಗಳು ಜೊತೆಯಾಗುತ್ತವೆ. ಆದರೆ ಮಂಗಳೂರಿನ ಫಳ್ನೀರಿನಂತಹ ಬಡಾವಣೆಗಳಲ್ಲಿ ಹಂಚಿನ ಮನೆಗಳು ಅಳಿದು ಬಹುಮಹಡಿ ವಸತಿ ಸಮುಚ್ಚಯಗಳು ಎದ್ದಿವೆ. ಅಂಗಳದಲ್ಲಿ ಬೆಳೆದ ಮುದಿ ನಾಯಿಗೆ ಫ್ಲಾಟಿನಲ್ಲಿ ಎಡೆಯುಂಟೇ? ಭಕ್ತನ ಪ್ರೀತಿಗೆ ಇದೇ ಒರೆಗಲ್ಲು.

ಮರಿಯನ್ನು ಮುದ್ದಿಸುವುದು ಸುಲಭ. ಕಣ್ಣು ಮಂಜಾದ, ಕಾಲು ಸೋತ ಜೀವವನ್ನು ಉಪಚರಿಸುವುದು ಕಾಯಕ. ಹಸಿವು ನೀರಡಿಕೆಗಳಿಂದ ನರಳುವಂತೆ ಅದನ್ನು ವಿನಾಕಾರಣ ಬೀದಿಪಾಲು ಮಾಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು. ನಿವಾಸಿಗಳ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಆದುದರಿಂದ ‘ಕಟ್ಟಡದ ನಿಯಮ’ವೆಂಬ ನೆಪವೂ ನಿಲ್ಲದು.

ಹಾಗೆಂದು ನೆರೆಯವರ ಅಂಜಿಕೆಯನ್ನು ಕಡೆಗಣಿಸುವುದು ಸಲ್ಲದು. ತಪ್ಪದೆ ರೇಬೀಸ್ ಲಸಿಕೆ ಹಾಕಿಸುವುದು, ಹೊರಗೊಯ್ಯುವಾಗ ಹಗ್ಗ ಹಿಡಿಯುವುದು, ಅದು ಮಾಡಿದ ಹೊಲಸನ್ನು ತಾನೇ ಶುಚಿಗೊಳಿಸುವುದು, ಇವೆಲ್ಲವೂ ಸಾಕಿದವರ ಹೊಣೆ. ಪ್ರಾಣಿಗೆ ತೋರುವ ದಯೆಯಿಂದ ಮನುಷ್ಯನಿಗೆ ನೋವಾಗಬಾರದು.

ಅಂಗೈಯ ಇಷ್ಟಲಿಂಗವನ್ನು ಪೂಜಿಸುವ ಕೈಯೇ ಮುದಿಜೀವದ ಮುಂದೆ ನೀರಿನ ಬಟ್ಟಲನ್ನೂ ಇರಿಸಲಿ. ಹಂಚಿ ಉಣ್ಣುವ ಕಾಗೆಯ ಮುಂದೆ ಭಕ್ತನು ತಲೆತಗ್ಗಿಸುವಂತಾಗದಿರಲಿ.