ನೋಡಿದ್ದು ಸಾಕು, ಕೂತು ಮಾತಾಡಿ!



ಸಂಜೆ ಏಳರ ಹೊತ್ತಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಿ. ಬಟ್ಟೆ ಅಂಗಡಿಯ ಹುಡುಗನಿಂದ ಹಿಡಿದು ದಿನಸಿ ಅಂಗಡಿಯ ಯಜಮಾನರ ತನಕ ಎಲ್ಲರ ಕೈಯಲ್ಲೂ ಮೊಬೈಲು. ಚರಂಡಿ ಉಕ್ಕಿದ ವೀಡಿಯೋವನ್ನು ಇವರೂ ನೋಡುತ್ತಾರೆ, ಪಕ್ಕದ ಅಂಗಡಿಯವರೂ ನೋಡುತ್ತಾರೆ. ಒಬ್ಬರಿಗೊಬ್ಬರು ಮಾತ್ರ ಒಂದು ಮಾತಾಡುವುದಿಲ್ಲ! "ಛೇ, ಅನ್ಯಾಯ" ಎಂದು ಬೆರಳು ಸರಿಸಿದರೆ ಮುಗಿಯಿತು. ಇದು ಚರ್ಚೆಯೇ?

ಅಂಗಡಿ ಬೋರ್ಡಿನ ಶೇ. 60 ಭಾಗ ಕನ್ನಡವಿರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಸಂತೋಷ. ಆದರೆ ನಮ್ಮವರೇ ಯೂಟ್ಯೂಬಿಗೆ ಹಾಕುವ ನಮ್ಮೂರಿನ ವೀಡಿಯೋಗೆ ತಲೆಬರಹ ಇಂಗ್ಲಿಷು! ಕನ್ನಡ ಅಕ್ಷರದಲ್ಲಿ ಹುಡುಕುವವನಿಗೆ ಅದು ಸಿಗುವುದು ಹೇಗೆ? ಫೋನಿನಲ್ಲಿ ಕನ್ನಡ ಕೀಲಿಮಣೆ ಪುಕ್ಕಟೆ ಇದೆ. ಬಳಸಲು ಯಾರ ಅಪ್ಪಣೆ ಬೇಕು?

ನೋಡಿ, ಆಮೇಲೆ ಕೂತು ಮಾತಾಡುವುದು ಈ ಜಿಲ್ಲೆಗೆ ಹೊಸದೂ ಅಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ನೀನಾಸಮ್ ಚಿತ್ರಸಮಾಜ ಕಟ್ಟಿದ್ದು 1973ರಲ್ಲಿ. ಹಳ್ಳಿಯ ಜನ ದೇಶವಿದೇಶದ ಸಿನಿಮಾ ನೋಡಿದರು, ಅದರ ಬಗ್ಗೆ ಕನ್ನಡದಲ್ಲೇ ವಾದಿಸಿದರು. ಆಗ ಪ್ರೊಜೆಕ್ಟರು, ರೀಲು ಹೊಂದಿಸಬೇಕಿತ್ತು. ಈಗ ಜೇಬಿನಲ್ಲೇ ಟಾಕೀಸು ಇದೆ; ಇಲ್ಲದಿರುವುದು ಕೂರುವ ಮನಸ್ಸು.

ಭದ್ರಾವತಿಯನ್ನು ನೋಡಿ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆಗೆ ನೂರು ತುಂಬುವ ಹೊತ್ತಿಗೆ, 2023ರ ಜನವರಿಯಲ್ಲಿ, ಮುಚ್ಚುವ ತೀರ್ಮಾನದ ಉಡುಗೊರೆ ಬಂತು! ಎಂ.ಪಿ.ಎಂ. ಕಾಗದ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು. ವಿ.ಐ.ಎಸ್.ಎಲ್. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಆಮೇಲಿನ ಏರುಪೇರು ನಿಮಗೆ ಗೊತ್ತೇ ಇದೆ. ಇಂಥ ಹೊತ್ತಿನಲ್ಲಿ ಕಾರ್ಮಿಕನ ಹೆಂಡತಿಯೊಬ್ಬಳು ಮೊಬೈಲಿನ ಮುಂದೆ ಆಡುವ ಐದು ನಿಮಿಷದ ಮಾತು ಯಾವ ಭಾಷಣಕ್ಕೂ ಕಡಿಮೆಯಲ್ಲ. ಆದರೆ ದಿಲ್ಲಿಯ ಕಚೇರಿಗೆ ವೀಡಿಯೋ ಅರ್ಜಿಯಾಗುವುದಿಲ್ಲ. ಲಕ್ಷ ಜನ ನೋಡಿದರೂ ಕಡತ ಹುಟ್ಟುವುದಿಲ್ಲ.

ಕಡತ ಹುಟ್ಟಿಸುವ ದಾರಿ ಸಂವಿಧಾನದಲ್ಲೇ ಇದೆ. ಕೇಂದ್ರದ್ದಾಗಲಿ ರಾಜ್ಯದ್ದಾಗಲಿ, ಯಾವ ಅಧಿಕಾರಿಗೇ ಆದರೂ ಕನ್ನಡದಲ್ಲಿ ಅಹವಾಲು ಕೊಡುವ ಹಕ್ಕನ್ನು 350ನೇ ವಿಧಿ ಕೊಟ್ಟಿದೆ. ರೈಲ್ವೆಗೂ ಕೊಡಬಹುದು, ಬ್ಯಾಂಕಿಗೂ ಕೊಡಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಆ ವಿಧಿ ಹೇಳುವುದಿಲ್ಲ, ನಿಜ. ಅದನ್ನು ಕೇಳಿ ಪಡೆಯಬೇಕಾದವರು ನಾವು.

ಆದ್ದರಿಂದ ಹೀಗೆ ಮಾಡಿ. ಅಂಗಡಿ ಬಾಗಿಲು ಹಾಕಿದ ಮೇಲೆ ಜಗಲಿಯಲ್ಲಿ ಹತ್ತು ಜನ ಸೇರಿ. ಒಂದೇ ವೀಡಿಯೋ ಹಾಕಿ, ಹತ್ತು ನಿಮಿಷ ಸಾಕು. ಆಮೇಲೆ ಮೊಬೈಲು ತಿರುಗಿಸಿ, ನಿಮ್ಮ ಮಾತನ್ನೇ ಚಿತ್ರಿಸಿ. ಹೂ ಮಾರುವ ಅಮ್ಮನಿಗೆ ಮೊದಲು ಮಾತು ಕೊಡಿ. ರಾಜಸ್ತಾನದಿಂದ ಬಂದು ನೆಲೆಸಿದ ವ್ಯಾಪಾರಿ ತನಗೆ ಬಂದ ಕನ್ನಡದಲ್ಲಿ ಮಾತಾಡಿದರೆ ದಯವಿಟ್ಟು ನಗಬೇಡಿ! ಸಂಬಂಧಪಟ್ಟ ಅಧಿಕಾರಿಯನ್ನೂ ಕರೆಯಿರಿ, ಅವರ ಮಾತನ್ನು ಅರ್ಧಕ್ಕೆ ಕತ್ತರಿಸದೆ ಹಾಕಿ. ಕತ್ತರಿಸಿದರೆ ನಮ್ಮ ಮಾತನ್ನೂ ನಾಳೆ ಯಾರೂ ನಂಬುವುದಿಲ್ಲ.

ಕೊನೆಗೆ ಅಲ್ಲೇ ಕನ್ನಡದಲ್ಲಿ ಅರ್ಜಿ ಬರೆದು, ಹತ್ತೂ ಜನ ಸಹಿ ಹಾಕಿ, ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಂದು ತಿಂಗಳು ಕಾಯಿರಿ. ಉತ್ತರ ಬರದಿದ್ದರೆ ಮುದ್ರೆಯಿರುವ ಪ್ರತಿ ನಮಗೆ ಕಳಿಸಿ. ಕಚೇರಿಯ ಹೆಸರು, ತಾರೀಕು ಸಮೇತ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.