ಕಟ್ಟಡ ಎದ್ದಿತು, ಆಸ್ಪತ್ರೆ ಎಲ್ಲಿ?

ತಾಲ್ಲೂಕು ಆಸ್ಪತ್ರೆಯೊಂದರ ಹೊಸ ಕಟ್ಟಡ ಉದ್ಘಾಟನೆಯಾದ ಏಳು ತಿಂಗಳ ಬಳಿಕ ನಾನು ಪರಿಶೀಲನೆಗೆ ಹೋಗಿದ್ದೆ. ಶಸ್ತ್ರಚಿಕಿತ್ಸಾ ಕೊಠಡಿಗೆ ಬೀಗ ಬಿದ್ದಿತ್ತು. ಒಳಗಿನ ಮೇಜು, ದೀಪಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ. ಅರಿವಳಿಕೆ ತಜ್ಞರ ಹುದ್ದೆಯೇ ಮಂಜೂರಾಗಿರಲಿಲ್ಲ. ಹೆಚ್ಚುವರಿ ವಿದ್ಯುತ್ ಹೊರೆಗೆ ಬೇಕಾದ ಟ್ರಾನ್ಸ್‌ಫಾರ್ಮರ್ ಅಂದಾಜುಪಟ್ಟಿಯಲ್ಲಿ ಸೇರಿರಲಿಲ್ಲ. ಆ ಕಡತದ ಕೆಲವು ಪುಟಗಳಲ್ಲಿ ನನ್ನ ಸಹಿಯೂ ಇತ್ತು.

ನಮ್ಮ ಆಡಳಿತ ವ್ಯವಸ್ಥೆ ಆಸ್ಪತ್ರೆಯನ್ನು ಕಾಮಗಾರಿಯೆಂದು ಕಾಣುತ್ತದೆಯೇ ಹೊರತು ಸೇವೆಯೆಂದಲ್ಲ. ಇದರ ಮೂಲ ಆಯವ್ಯಯದ ರಚನೆಯಲ್ಲೇ ಇದೆ. ಕಟ್ಟಡವು ಬಂಡವಾಳ ವೆಚ್ಚ. ವೇತನ, ಔಷಧಿ, ವಿದ್ಯುತ್, ಶುಚಿತ್ವ, ಯಂತ್ರಗಳ ದುರಸ್ತಿ ರಾಜಸ್ವ ವೆಚ್ಚ. ಮೊದಲನೆಯದಕ್ಕೆ ಸಾಲ, ಅನುದಾನಗಳು ಒದಗುತ್ತವೆ, ಶಂಕುಸ್ಥಾಪನೆಯ ಸಂಭ್ರಮವೂ ಇರುತ್ತದೆ. ಎರಡನೆಯದು ರಾಜ್ಯದ ಬೊಕ್ಕಸದ ಮೇಲೆ ವರ್ಷವರ್ಷವೂ ಬೀಳುವ, ಯಾವ ಫಲಕದಲ್ಲಿಯೂ ಯಾರ ಹೆಸರನ್ನೂ ಕೆತ್ತಿಸದ ಹೊರೆ.

ತಿಳಿವಳಿಕೆಗೆ ಕೊರತೆಯೇನೂ ಇಲ್ಲ. ವಿಶ್ವಬ್ಯಾಂಕ್ ನೆರವಿನಿಂದ 1996ರಲ್ಲಿ ಆರಂಭವಾದ ಕರ್ನಾಟಕ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆಯು ಕಟ್ಟಡದ ಜೊತೆಗೆ ಉಪಕರಣ, ತರಬೇತಿ, ನಿರ್ವಹಣೆಗಳನ್ನೂ ಗಣನೆಗೆ ತೆಗೆದುಕೊಂಡಿತ್ತು. ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು 2007ರಲ್ಲಿ ಬಂದು, 2012 ಮತ್ತು 2022ರಲ್ಲಿ ಪರಿಷ್ಕರಣೆಗೊಂಡಿವೆ. ತಪ್ಪುತ್ತಿರುವುದು ಕೆಲಸಗಳ ಅನುಕ್ರಮ.

ತುರ್ತು ಸಿಸೇರಿಯನ್ ಹೆರಿಗೆಯನ್ನೇ ನೋಡಿ. ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು, ರಕ್ತ ಸಂಗ್ರಹ ಘಟಕ ನಾಲ್ಕೂ ಏಕಕಾಲಕ್ಕೆ ಇರಬೇಕು. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಇವು ಪರಸ್ಪರ ಪೂರಕ. ಒಂದು ಇಲ್ಲವಾದರೂ ಉಳಿದ ಮೂರರ ಮೇಲಿನ ವೆಚ್ಚ ಆ ಹೊತ್ತಿಗೆ ನಿರರ್ಥಕ. ನೋವು ತಿನ್ನುತ್ತಿರುವ ತಾಯಿ ನಡುರಾತ್ರಿ ಆಂಬುಲೆನ್ಸ್‌ನಲ್ಲಿ ಜಿಲ್ಲಾ ಕೇಂದ್ರದತ್ತ ಸಾಗಬೇಕಾಗುತ್ತದೆ. ಸುರಕ್ಷತೆಯ ಮಾತೂ ಅಷ್ಟೇ ಗಂಭೀರ. ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ 2021ರ ಜನವರಿಯಲ್ಲಿ ಸಂಭವಿಸಿದ ಬೆಂಕಿ ದುರಂತದಲ್ಲಿ 10 ಹಸುಳೆಗಳು ಅಸುನೀಗಿದವು.

ಕೇಂದ್ರದ ಆರೋಗ್ಯ ಮೂಲಸೌಕರ್ಯ ಅಭಿಯಾನ 2021ರಲ್ಲಿ ಆರಂಭವಾದ ಮೇಲೆ ಜಿಲ್ಲೆಗಳಿಗೆ 50, 100 ಹಾಸಿಗೆಗಳ ತುರ್ತು ನಿಗಾ ಘಟಕಗಳು ಮಂಜೂರಾಗಿವೆ. ಹಳೆಯ ತಪ್ಪು ಮರುಕಳಿಸದಿರಲು ಮೂರು ನಿಯಮಗಳು ಅಗತ್ಯ. ಒಂದು, ಹುದ್ದೆಗಳ ಮಂಜೂರಾತಿ ಹಾಗೂ ಐದು ವರ್ಷಗಳ ನಿರ್ವಹಣಾ ವೆಚ್ಚಕ್ಕೆ ಆರ್ಥಿಕ ಇಲಾಖೆ ಒಪ್ಪದ ಹೊರತು ಕಾಮಗಾರಿಗೆ ಆಡಳಿತಾತ್ಮಕ ಅನುಮೋದನೆ ನೀಡಬಾರದು. ಎರಡು, ಟೆಂಡರ್‌ಗೆ ಮೊದಲೇ ಅಲ್ಲಿ ದುಡಿಯುವ ವೈದ್ಯರು, ಶುಶ್ರೂಷಕಿಯರು ನಕ್ಷೆಯನ್ನು ಪರಿಶೀಲಿಸಬೇಕು. ಸ್ಟ್ರೆಚರ್ ತಿರುಗದ ಓಣಿಯನ್ನು ಎಂಜಿನಿಯರ್‌ಗಿಂತ ಮೊದಲು ಅವರು ಗುರುತಿಸುತ್ತಾರೆ. ಮೂರು, ನೀರು, ವಿದ್ಯುತ್, ಆಮ್ಲಜನಕ, ಅಗ್ನಿಶಾಮಕ ವ್ಯವಸ್ಥೆಗಳನ್ನು ಚಾಲನೆ ಮಾಡಿ ನೋಡದೆ ಕಟ್ಟಡದ ಹಸ್ತಾಂತರವಾಗಲಿ, ಅಂತಿಮ ಬಿಲ್ ಪಾವತಿಯಾಗಲಿ ಆಗಕೂಡದು.

ಇದರಿಂದ ವಿಳಂಬವಾಗುತ್ತದೆಂಬ ಆಕ್ಷೇಪ ಬರುವುದು ಸಹಜ. ಕಡತ ಆರು ತಿಂಗಳು ತಡವಾದೀತು, ನಿಜ. ಆದರೆ ಆ ವಿಳಂಬ ಕಚೇರಿಯ ಮೇಜಿನ ಮೇಲಿನದು. ಇಂದು ನಾವು ಅದನ್ನು ಹೆರಿಗೆ ಕೋಣೆಯ ಬಾಗಿಲಿಗೆ ವರ್ಗಾಯಿಸಿದ್ದೇವೆ.