ಆಗುಂಬೆಯನ್ನು ಹತ್ತಲಿ, ಇಳಿಯುವುದು ಬೇಡ

ಶಿವಮೊಗ್ಗೆಯಿಂದ ನಮ್ಮ ವಾಚಕ ಮಹಾಶಯರೊಬ್ಬರು ಬರೆದ ಕಾಗದವು ಕಳೆದ ಹದಿನೈದು ದಿವಸಗಳಿಂದ ನಮ್ಮ ಮೇಜಿನ ಮೇಲಿದೆ. ಅವರ ಮಗಳು ಕಾಲೇಜಿನ ವಿದ್ಯಾರ್ಥಿನಿ. ಇಬ್ಬರು ಗೆಳತಿಯರನ್ನು ಕೂಡಿಕೊಂಡು, ತೀರ್ಥಹಳ್ಳಿ ಆಗುಂಬೆಗಳ ಮಾರ್ಗವಾಗಿ ಬೈಸಿಕಲ್ಲಿನ ಮೇಲೆ ಘಟ್ಟವನ್ನಿಳಿದು ಉಡುಪಿಗೆ ಹೋಗಬೇಕೆಂದು ಆಕೆಯ ಹಠ. ತಾಯಿಗೆ ಒಪ್ಪಿಗೆಯಿಲ್ಲ. ತಂದೆಗೆ ಮಗಳ ಉತ್ಸಾಹವನ್ನು ಮುರಿಯಲು ಮನಸ್ಸಿಲ್ಲ, ಹೋಗಿ ಬಾ ಎನ್ನಲು ಧೈರ್ಯವೂ ಇಲ್ಲ. ತಾವು ಆ ದಾರಿಯನ್ನು ಬಲ್ಲವರು, ಕಳುಹಿಸಬಹುದೇ ಬಾರದೇ ಎಂಬುದನ್ನು ಒಂದೇ ಮಾತಿನಲ್ಲಿ ತಿಳಿಸಬೇಕು ಎಂದು ಕೇಳಿದ್ದಾರೆ.

ಒಂದೇ ಮಾತಾದರೆ, ಕಳುಹಿಸಬಹುದು. ಆದರೆ ಆಕೆ ಗೊತ್ತುಮಾಡಿಕೊಂಡಿರುವ ದಿಕ್ಕಿನಲ್ಲಲ್ಲ. ಉಡುಪಿಯಿಂದ ಹೊರಟು, ಆಗುಂಬೆಯನ್ನು ಹತ್ತಿ, ಮನೆಯ ಕಡೆಗೆ ಬರಲಿ.

ಇಳಿಯುವುದು ಸುಲಭ, ಹತ್ತುವುದು ಕಷ್ಟ ಎಂಬುದು ಲೋಕದ ಎಣಿಕೆ. ನಾವೂ ಹಾಗೆಯೇ ಎಣಿಸಿದ್ದವರು. ಕೆಲವು ವರ್ಷಗಳ ಹಿಂದೆ ಒಂದು ಡಿಸೆಂಬರಿನ ಮುಂಜಾನೆ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯಲು ಹೊರಟೆವು. ಕಾಲಿಗೆ ಕೆಲಸವಿಲ್ಲ, ತಾನಾಗಿ ಓಡುವ ಗಾಡಿ, ಮುಖಕ್ಕೆ ತಣ್ಣನೆಯ ಗಾಳಿ, ಸ್ವರ್ಗಸುಖವೆಂದುಕೊಂಡೆವು. ಭಯದಿಂದ ಎರಡು ಬ್ರೇಕುಗಳನ್ನೂ ಮೊದಲಿನಿಂದ ಕೊನೆಯವರೆಗೆ ಬಿಗಿಯಾಗಿ ಹಿಡಿದೇ ಇದ್ದೆವು. ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಹಿಂದಿನ ಟ್ಯೂಬು ಕೋವಿ ಹಾರಿಸಿದಂತೆ ಸದ್ದುಮಾಡಿ ಒಡೆಯಿತು. ದೈವವಶಾತ್ ಬಿದ್ದುದು ಬೆಟ್ಟದ ಕಡೆಯ ಚರಂಡಿಗೆ, ಕಣಿವೆಯ ಕಡೆಗಲ್ಲ. ಮೊಣಕಾಲು ತರಚಿತು. ಏನಾಯಿತೆಂದು ನೋಡಲು ಚಕ್ರದ ರಿಮ್ಮನ್ನು ಮುಟ್ಟಿದೆವು. ಬೆರಳು ಸುಟ್ಟು ಬೊಬ್ಬೆಯೆದ್ದಿತು. ಊರಿಗೆ ಮರಳಿದ ಮೇಲೆ ನಮ್ಮ ಮನೆಯವರು ಬೆರಳಿಗೆ ಲೋಳೆಸರ ಹಚ್ಚುತ್ತ ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಆ ಶಾಖ ಎಲ್ಲಿಂದ ಬಂದಿತೆಂಬುದನ್ನು ಆಮೇಲೆ ಲೆಕ್ಕಹಾಕಿ ನೋಡಿದೆವು. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರು ಎತ್ತರದಲ್ಲಿದೆ. ಅಲ್ಲಿಂದ ಕೆಳಗಿನ ಸೋಮೇಶ್ವರಕ್ಕೆ ಹತ್ತಿರಹತ್ತಿರ 500 ಮೀಟರು ಇಳಿಯಬೇಕು. ಸವಾರ, ಸೈಕಲ್ಲು, ಚೀಲ ಎಲ್ಲವೂ ಸೇರಿ 80 ಕಿಲೋಗ್ರಾಮು ತೂಗಿದರೆ, ಆ ಭಾರವು ಅಷ್ಟು ಕೆಳಗೆ ಬರುವಾಗ ಬಿಟ್ಟುಕೊಡುವ ಶಕ್ತಿಯಿಂದ ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವಷ್ಟು ಕಾಯಿಸಬಹುದು. ಗಾಳಿಯ ತಡೆಗೆ ಹೋದ ಪಾಲನ್ನು ಕಳೆದು, ಉಳಿದುದೆಲ್ಲವೂ ಬ್ರೇಕಿನ ಮೂಲಕವೇ ಶಾಖವಾಗಿ ಹೊರಬರಬೇಕು. ರಬ್ಬರಿನ ತುಂಡು ರಿಮ್ಮನ್ನು ಒತ್ತುವ ಹಳೆಯ ಬಗೆಯ ಬ್ರೇಕಿನಲ್ಲಿ ಆ ಬಿಸಿ ನೇರವಾಗಿ ಟ್ಯೂಬಿಗೇ ತಗಲುತ್ತದೆ. ಈಗಿನ ಡಿಸ್ಕ್ ಬ್ರೇಕು ಇದಕ್ಕಿಂತ ಮೇಲು. ಆದರೂ ಎಡೆಬಿಡದೆ ಹಿಡಿದರೆ ಅದೂ ಕಾದು ಸೋಲುತ್ತದೆ. ಇಳಿಯಲೇಬೇಕಾದವರು ಸದಾ ಹಿಡಿದಿರದೆ, ತಿರುವಿಗೆ ಮೊದಲೇ ಬಲವಾಗಿ ಒತ್ತಿ ವೇಗವನ್ನು ತಗ್ಗಿಸಿ, ಅನಂತರ ಬಿಡಬೇಕು. ಚಕ್ರಕ್ಕೆ ಗಾಳಿಯಾಡಲು ನಡುನಡುವೆ ನಿಲ್ಲಬೇಕು. ನಮಗೆ ಇದನ್ನು ಮುಂಚಿತವಾಗಿ ಹೇಳಿದವರಿರಲಿಲ್ಲ.

ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಕೆಲವೆಡೆ ದಾರಿ ಎಷ್ಟು ಕಿರಿದೆಂದರೆ, ಎದುರುಬದುರಾದ ಎರಡು ಗಾಡಿಗಳಲ್ಲಿ ಒಂದು ಹಿಂದೆ ಸರಿದು ನಿಲ್ಲಬೇಕು. ಮರಗಳ ನೆರಳಿನಲ್ಲಿ ರಸ್ತೆಯ ಅಂಚು ಬಿಸಿಲು ಕಾಣದೆ ಪಾಚಿಗಟ್ಟಿರುತ್ತದೆ, ಮೇಲೆ ಒದ್ದೆ ತರಗೆಲೆ. ಇಳಿಯುವವನ ಕಣ್ಣು ಇವುಗಳ ಮೇಲಿಂದ ಕದಲುವಂತಿಲ್ಲ. ಅಂದು ನಾವು ಇಡೀ ಘಟ್ಟದಲ್ಲಿ ಕಂಡುದು ಡಾಂಬರು ಮಾತ್ರ! ಹತ್ತುವವನಿಗಾದರೋ ವೇಗ ಗಂಟೆಗೆ ಏಳೆಂಟು ಕಿಲೋಮೀಟರು. ತಪ್ಪಿ ಬಿದ್ದರೂ ನಿಂತಲ್ಲಿ ಬಿದ್ದಂತೆ. ಬ್ರೇಕಿನ ಗೊಡವೆಯಿಲ್ಲ. ಕೆಳಗೆ ಬರುವ ಗಾಡಿಯ ಹಾರನ್ನು ಎರಡು ತಿರುವು ಮೊದಲೇ ಕೇಳಿ ಬದಿಗೆ ಸರಿಯಬಹುದು.

ಎರಡನೆಯ ಸಲ ನಮ್ಮ ಅಕ್ಕನ ಮಗನೊಡನೆ ಹೋದಾಗ ಈ ಬುದ್ಧಿ ಬಂದಿತ್ತು. ಉಡುಪಿಯಿಂದ ಮಧ್ಯಾಹ್ನ ಹೊರಟು ಮಣಿಪಾಲ, ಪರ್ಕಳ, ಪೆರ್ಡೂರುಗಳನ್ನು ದಾಟಿ ಸಂಜೆಗೆ ಹೆಬ್ರಿ ಸೇರಿ ತಂಗಿದೆವು. ಇದು ಸಣ್ಣಪುಟ್ಟ ಏರಿಳಿತದ ದಾರಿ. ಸೆಖೆಯೊಂದನ್ನು ಬಿಟ್ಟರೆ ಹೇಳುವಂಥ ತೊಂದರೆಯಿಲ್ಲ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಹೆಬ್ರಿಯನ್ನು ಬಿಟ್ಟೆವು. ಸೀತಾನದಿಯ ಮೇಲೆ ಮಂಜು ಹಾಸಿತ್ತು. ಸೋಮೇಶ್ವರ ಕಳೆದೊಡನೆ ದಾರಿ ಕಾಡನ್ನು ಹೊಕ್ಕು ಮೇಲಕ್ಕೆ ಮುಖಮಾಡುತ್ತದೆ. ಮೊದಲ ತಿರುವಿನಲ್ಲಿ ಹುಡುಗ ಮುಂದೆ ಹೋದ. ನಾಲ್ಕನೆಯದರಲ್ಲಿ ಕಲ್ಲಿನ ಮೇಲೆ ಕುಳಿತಿದ್ದ. ಘಟ್ಟದಲ್ಲಿ ಎಳೆಯರಿಗೆ ಮೊದಲು ಕಲಿಸಬೇಕಾದುದು ನಿಧಾನವನ್ನು. ಜೊತೆಯಲ್ಲಿ ಮಾತನಾಡುತ್ತ ಹೋಗುವಷ್ಟು ಉಸಿರು ಉಳಿದಿರಬೇಕು. ಮಾತು ತುಂಡಾಗತೊಡಗಿದರೆ ವೇಗ ಹೆಚ್ಚಾಯಿತೆಂದೇ ತಿಳಿಯತಕ್ಕದ್ದು.

ಕಾಲಿನ ಬಲಕ್ಕಿಂತ ಗಿಯರಿನ ಮಾತು ಮುಖ್ಯ. ಹಾಲು ಮಾರುವವರು, ಅಂಚೆಯವರು ಬಳಸುತ್ತಿದ್ದ ಕರಿಯ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ ಎರಡೂವರೆ ಸುತ್ತಿನ ಸಮೀಪ ತಿರುಗುತ್ತದೆ. ಬಯಲಿಗೆ ಅದು ಸರಿ, ಘಟ್ಟಕ್ಕೆ ಅಲ್ಲ. ಮುಂದಿನ ಹಲ್ಲುಚಕ್ರಕ್ಕೂ ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೂ ಹಲ್ಲಿನ ಸಂಖ್ಯೆ ಸಮವಾಗಿದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರದ್ದೂ ಒಂದೇ ಸುತ್ತು. ಅಂಥ ಗಿಯರುಳ್ಳ ಸೈಕಲ್ಲಾದರೆ ಸಾಧಾರಣ ಆರೋಗ್ಯದ ಹುಡುಗಿಯು ಸಾವಕಾಶವಾಗಿ ಹತ್ತಬಲ್ಲಳು. ಗಿಯರು ಬಲಹೀನರ ಊರುಗೋಲೆಂದು ಮೂಗು ಮುರಿಯುವವರು ಹಿಂದೆಯೂ ಇದ್ದರು. ಫ್ರಾನ್ಸ್ ದೇಶವನ್ನು ಸುತ್ತಿಬರುವ ಪ್ರಸಿದ್ಧ ಪಂದ್ಯದಲ್ಲಿ, ಓಡುತ್ತಿರುವಾಗಲೇ ಗಿಯರು ಬದಲಿಸುವ ಯಂತ್ರವನ್ನು ಪ್ರಮುಖ ಸ್ಪರ್ಧಿಗಳಿಗೆ ಅನುಮತಿಸಿದ್ದು 1937ರಲ್ಲಿ. ಅಲ್ಲಿಯವರೆಗೆ ಆ ಶೂರರು ಪರ್ವತದ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನು ಬಿಚ್ಚಿ, ಮಗುಚಿ ಹಾಕಿಕೊಳ್ಳುತ್ತಿದ್ದರು. ಮಗಳಿಗೆ ಆ ಶೌರ್ಯ ಬೇಡ.

ತಾಯಿಯವರಿಗೆ ಹಾವಿನ ಭಯವೆಂದೂ ಕಾಗದದಲ್ಲಿದೆ. ಆಗುಂಬೆಯ ಕಾಡು ಕಾಳಿಂಗ ಸರ್ಪಗಳ ನೆಲೆಯೆಂಬುದು ನಿಜ. ಆದರೆ ಅದು ಮನುಷ್ಯನನ್ನು ಕಂಡರೆ ಸರಿದುಹೋಗುವ ಪ್ರಾಣಿ; ರಸ್ತೆಯನ್ನು ಬಿಟ್ಟು ಪೊದೆಗೆ ಕಾಲಿಡದಿದ್ದರೆ ಸಾಕು. ತಿರುವಿನಲ್ಲಿ ವೇಗವಾಗಿ ಬರುವ ಕಾರು ಅದಕ್ಕಿಂತ ಹೆಚ್ಚು ಭಯಕ್ಕೆ ಅರ್ಹವಾದುದು. ಆದುದರಿಂದ ಹಗಲಾದರೂ ಮುಂದೊಂದು ಹಿಂದೊಂದು ದೀಪ ಉರಿಯುತ್ತಿರಲಿ, ತಲೆಗೆ ಹೆಲ್ಮೆಟ್ಟಿರಲಿ, ಮೂವರೂ ಸಾಲಾಗಿ ಹೋಗಲಿ. ಇನ್ನು ಕೋತಿಗಳು. ಚೀಲದ ಬಾಯಿ ಬಿಗಿದಿರಬೇಕು. ನಮ್ಮ ಬಾಳೆಹಣ್ಣಿನ ಗೊನೆಯ ಅರ್ಧ ಭಾಗ ಯಾರ ಪಾಲಾಯಿತೆಂಬುದನ್ನು ವಾಚಕರು ಊಹಿಸಬಹುದು.

ಮಳೆಗಾಲದಲ್ಲಿ ಮಾತ್ರ ಎಷ್ಟು ಅತ್ತರೂ ಕಳುಹಿಸಕೂಡದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಬೆಂಗಳೂರಿನ ಮಳೆಯ ಏಳು ಪಟ್ಟೆಂದರೆ ಅಂದಾಜು ಸಿಕ್ಕೀತು. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಗುಡ್ಡ ಜರಿಯುವ ಭಯದಿಂದ ಆ ತಿಂಗಳುಗಳಲ್ಲಿ ಭಾರಿ ವಾಹನಗಳನ್ನು ತಡೆಯುವ ವಾಡಿಕೆಯೂ ಉಂಟು. ನೆನೆದ ರಿಮ್ಮಿನ ಮೇಲೆ ರಬ್ಬರು ಹಿಡಿಯುವುದೇ ಇಲ್ಲವೆನ್ನಬೇಕು. ನವೆಂಬರಿನ ಕೊನೆಯಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ.

ಬುತ್ತಿಗೆ ಬೆಲ್ಲ ಕಲಸಿದ ಅವಲಕ್ಕಿ, ಬಾಳೆಹಣ್ಣು, ತಲೆಗೆ ಎರಡು ಲೀಟರು ನೀರು. ಒಂದು ಚಿಟಿಕೆ ಉಪ್ಪು ಬೆರೆಸಿದ ನಿಂಬೆಯ ಪಾನಕವಿದ್ದರೆ ಇನ್ನೂ ಲೇಸು. ಹಸಿವಾಗುವ ಮೊದಲೇ ಸ್ವಲ್ಪಸ್ವಲ್ಪ ತಿನ್ನಬೇಕು. ಒಂದು ಹೆಚ್ಚಿನ ಟ್ಯೂಬು, ಪಂಪು, ಅದನ್ನು ಹಾಕಬಲ್ಲ ಕೈ. ಈ ಕೊನೆಯದನ್ನು ಮನೆಯಂಗಳದಲ್ಲಿಯೇ ಎರಡು ಸಲ ಮಾಡಿಸಿ ನೋಡಿ ಆಮೇಲೆ ಒಪ್ಪಿಗೆ ಕೊಡುವುದು ತಂದೆಗೆ ಸೇರಿದ್ದು.

ಘಟ್ಟದ ಮೇಲೆ, ಸಂಜೆ ಜನ ಸೂರ್ಯಾಸ್ತ ನೋಡಲು ಕಿಕ್ಕಿರಿಯುವ ಕಟ್ಟೆಯನ್ನು ನಾವು ಎಂಟು ಗಂಟೆಗೆ ತಲುಪಿದಾಗ ಅಲ್ಲಿ ಒಬ್ಬರೂ ಇರಲಿಲ್ಲ. ಹತ್ತಿಬಂದ ದಾರಿ ಕಾಡಿನ ನಡುವೆ ಅಲ್ಲಲ್ಲಿ ದಾರದ ಎಳೆಯಂತೆ ಕಾಣಿಸಿ ಮರೆಯಾಗುತ್ತಿತ್ತು. ಅದರಾಚೆ ತುಳುನಾಡೆಲ್ಲ ಮಂಜಿನ ಕೆಳಗೆ. ಬಾನು ತಿಳಿಯಾಗಿರುವ ಸಂಜೆ ಅಲ್ಲಿಂದ ಅರಬ್ಬೀ ಸಮುದ್ರವೇ ತೋರುತ್ತದೆ. ಆದರೆ ಸಮುದ್ರದ ಆಸೆಗೆ ಕತ್ತಲೆಯವರೆಗೆ ನಿಲ್ಲುವುದು ಸೈಕಲ್ಲಿನವರಿಗೆ ತರವಲ್ಲ.

ಅಲ್ಲಿಂದ ಮುಂದಿನ ದಾರಿ ಅಡಿಕೆ ತೋಟ, ಗದ್ದೆ, ಕಾಡುಗಳ ನಡುವೆ ಏರಿಳಿಯುತ್ತ ಗುಡ್ಡೇಕೇರಿಯ ಮೇಲೆ ತೀರ್ಥಹಳ್ಳಿಗೆ ಹೋಗುತ್ತದೆ. ಉಡುಪಿಯಿಂದ ಅಲ್ಲಿಗೆ ಒಟ್ಟು ಸುಮಾರು 90 ಕಿಲೋಮೀಟರು. ಆ ರಾತ್ರಿ ತುಂಗೆಯ ದಡದಲ್ಲಿ ತಂಗಿ, ಮೂರನೆಯ ದಿನ ಮಂಡಗದ್ದೆ, ಸಕ್ರೆಬೈಲುಗಳನ್ನು ನೋಡಿಕೊಂಡು ಶಿವಮೊಗ್ಗೆಗೆ ಬರಬಹುದು. ಮೊದಲಿಗೆ ಸೈಕಲ್ಲುಗಳನ್ನು ಉಡುಪಿಗೆ ಮುಟ್ಟಿಸಲು ಸಣ್ಣ ಸಾಮಾನು ಗಾಡಿಯೊಂದನ್ನು ಗೊತ್ತುಮಾಡಿ, ತಂದೆಯವರೂ ಅದರಲ್ಲಿಯೇ ಕುಳಿತು ಘಟ್ಟವನ್ನು ಒಮ್ಮೆ ಕಣ್ಣಾರೆ ನೋಡಿಕೊಂಡು ಬರಲಿ. ತಾಯಿಯವರು ಒಪ್ಪಿದರೆ ಅವರೂ.

ಮಗಳು ಮರಳಿ ಬಂದ ಮೇಲೆ ಯಾವ ತಿರುವಿನಲ್ಲಿ ಇಳಿದು ನೂಕಿದಳೆಂಬುದನ್ನು ತಪ್ಪದೆ ನಮಗೆ ಬರೆಯಬೇಕು. ನಾವು ಇಳಿದುದು ಒಂಬತ್ತನೆಯದರಲ್ಲಿ. ಅಕ್ಕನ ಮಗ ಅದನ್ನು ಏಳನೆಯದೆಂದು ಈಗಲೂ ಸಾಧಿಸುತ್ತಾನೆ.